ಮೂರು ಊರು, ಒಂದು ಎಲ್ಲೆ

ಕೊಯಮತ್ತೂರಿನ ನಮ್ಮ ಆರ್.ಎಸ್. ಪುರಂನಲ್ಲಿ ಸಂಜೆ ಐದಾಯಿತೆಂದರೆ ಜೈನರ ಮನೆಗಳಲ್ಲಿ ಒಲೆ ಹೊತ್ತಿರುತ್ತದೆ. ಡಿ.ಬಿ. ರಸ್ತೆಯ ಅಂಗಡಿಗಳಲ್ಲಿ ಆಗತಾನೆ ವ್ಯಾಪಾರ ಕುದುರುವ ಹೊತ್ತು. ಆದರೂ ಗಲ್ಲಾವನ್ನು ಇನ್ನೊಬ್ಬರಿಗೆ ಒಪ್ಪಿಸಿ, ಮನೆಗೆ ಬಂದು, ಸೂರ್ಯ ಮುಳುಗುವ ಮೊದಲೇ ಉಂಡು ಹೋಗುವವರು ಇಂದಿಗೂ ಇದ್ದಾರೆ. ಅಂತಹ ಒಂದು ಸಂಜೆ ಊಟಕ್ಕೆ ಕುಳಿತಾಗಲೇ ನಮ್ಮ ಮನೆಯ ಮೊದಲ ವಿದೇಶ ಪ್ರವಾಸದ ಮಾತು ಎದ್ದಿತು.

ಮಕ್ಕಳು ಟ್ರಾವೆಲ್ಸ್‌ನವರ ಬಣ್ಣದ ಹಾಳೆಯೊಂದನ್ನು ತಂದಿದ್ದರು. ಯೂರೋಪು, ಹತ್ತು ದಿನ, ಏಳು ನಗರ! ನಾವು ಖರ್ಚಿನ ಲೆಕ್ಕ ಹಾಕತೊಡಗಿದೆವು. ಅಮ್ಮ ಮಾತ್ರ ಬೇರೆಯೇ ಪ್ರಶ್ನೆ ಕೇಳಿದರು: "ಆ ಊರುಗಳಲ್ಲಿ ಹೊತ್ತು ಮುಳುಗುವುದು ಎಷ್ಟು ಗಂಟೆಗೆ?"

ಹುಡುಕಿ ನೋಡಿದೆವು. ಪ್ಯಾರಿಸ್ಸಿನಲ್ಲಿ ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯಾಸ್ತ. ಮೇ ತಿಂಗಳಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲೆ. ಚಳಿಗಾಲದಲ್ಲಿ ಹೋದರೆ ತಿರುಗಾಟದ ನಡುವೆ ಸಂಜೆಯ ಊಟ ತಪ್ಪಿದಂತೆಯೇ. ಮೇ ತಿಂಗಳಲ್ಲಾದರೆ ದಿನವೆಲ್ಲ ಊರು ನೋಡಿ ಬಂದು, ಅಡುಗೆ ಮಾಡಿಕೊಂಡು, ಬೆಳಕಿನಲ್ಲೇ ಉಣ್ಣಬಹುದು. ಮಕ್ಕಳಿಗೆ ಶಾಲೆಯ ರಜೆ, ಚಾತುರ್ಮಾಸವೂ ಆರಂಭವಾಗಿರುವುದಿಲ್ಲ. ಅಕ್ಷಯ ತದಿಗೆ ಮುಗಿಸಿ ಹೊರಡುವುದೆಂದು ನಿಶ್ಚಯವಾಯಿತು.

ಆದರೆ ಅಮ್ಮ ಬರುವುದಿಲ್ಲವೆಂದರು. ಅವರು ಎಷ್ಟೋ ವರ್ಷಗಳ ಹಿಂದೆ ಮುನಿಗಳ ಸನ್ನಿಧಿಯಲ್ಲಿ ದಿಗ್ವ್ರತ ಸ್ವೀಕರಿಸಿದವರು. ಉತ್ತರಕ್ಕೆ ಶಿಖರ್ಜಿ, ದಕ್ಷಿಣಕ್ಕೆ ಕನ್ಯಾಕುಮಾರಿ, ಪೂರ್ವ ಪಶ್ಚಿಮಕ್ಕೆ ಕಡಲು, ಇಷ್ಟು ಅವರ ಎಲ್ಲೆ. "ಅಮ್ಮ, ನೀವಿಲ್ಲದೆ ನಾವು ಹೋಗುವುದು ಹೇಗೆ? ಈಗಿನ ಕಾಲಕ್ಕೆ ಸ್ವಲ್ಪ ಸಡಿಲಿಸಿಕೊಳ್ಳಬಾರದೇ?" ಎಂದು ನಾವು ಕೇಳಿದ್ದು ತಪ್ಪೆಂದು ಆಮೇಲೆ ಅನ್ನಿಸಿತು. ಅವರು ಸಿಟ್ಟಾಗಲಿಲ್ಲ. "ಅದಕ್ಕೆ ಕ್ಷೇತ್ರವೃದ್ಧಿ ಅಂತ ಹೆಸರಿದೆ. ಅದು ವ್ರತಕ್ಕೆ ಅತಿಚಾರ. ನೀವು ಸಂತೋಷವಾಗಿ ಹೋಗಿ ಬನ್ನಿ. ಆದರೆ ಹೊರಡುವ ಮೊದಲು ನಿಮ್ಮದೂ ಒಂದು ಎಲ್ಲೆ ಹಾಕಿಕೊಳ್ಳಿ" ಎಂದರು.

ಆ ರಾತ್ರಿ ಏಳು ನಗರಗಳ ಪಟ್ಟಿಯನ್ನು ಮತ್ತೆ ನೋಡಿದೆವು. ದಿನಕ್ಕೊಂದು ಹೋಟೆಲು, ದಿನಕ್ಕೊಮ್ಮೆ ಪೆಟ್ಟಿಗೆ ಕಟ್ಟುವುದು, ಉಳಿದ ಹೊತ್ತೆಲ್ಲ ಬಸ್ಸಿನಲ್ಲಿ. ಇಷ್ಟು ಹಣ ಕೊಟ್ಟು ನೋಡುವುದಾದರೂ ಏನನ್ನು? ನಾಲ್ಕು ಊರುಗಳನ್ನು ಹೊಡೆದುಹಾಕಿದೆವು. ಉಳಿದದ್ದು ಪ್ಯಾರಿಸ್ ನಾಲ್ಕು ರಾತ್ರಿ, ಆಂಟ್‌ವರ್ಪ್ ಎರಡು, ಆಮ್‌ಸ್ಟರ್‌ಡಾಮ್ ಮೂರು. ಪ್ಯಾರಿಸ್ಸಿನಿಂದ ಆಂಟ್‌ವರ್ಪಿಗೆ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆ, ಅಲ್ಲಿಂದ ಆಮ್‌ಸ್ಟರ್‌ಡಾಮಿಗೆ ಇನ್ನೂ ಕಡಿಮೆ. ಬೆಂಗಳೂರಿನಿಂದ ಪ್ಯಾರಿಸ್ಸಿಗೆ ಹೋಗಿ, ಆಮ್‌ಸ್ಟರ್‌ಡಾಮಿನಿಂದಲೇ ಹಿಂದಿರುಗಿದರೆ ಬಂದ ದಾರಿಯಲ್ಲೇ ಮರಳಬೇಕಾಗಿಲ್ಲ. ವಜ್ರದ ಪೇಟೆಯಾದ ಆಂಟ್‌ವರ್ಪಿನ ವಿಲ್ರೈಕ್‌ನಲ್ಲಿ ಅಲ್ಲಿನ ಜೈನ ವ್ಯಾಪಾರಿಗಳು ಅಮೃತಶಿಲೆಯ ಮಂದಿರ ಕಟ್ಟಿಸಿದ್ದಾರೆ. 2010ರಲ್ಲಿ ಅದರ ಪ್ರತಿಷ್ಠೆಯಾಯಿತು. ದೂರದೇಶಕ್ಕೆ ಹೋದ ವರ್ತಕರು ಧರ್ಮವನ್ನೂ ಜೊತೆಗೆ ಒಯ್ದದ್ದನ್ನು ಮಕ್ಕಳು ಕಣ್ಣಾರೆ ನೋಡಲಿ ಎಂಬುದು ನಮ್ಮ ಆಸೆ.

ಹೊರಡಬಯಸುವ ಬಂಧುಗಳಿಗೆ ನಾವು ತಿಳಿದುಕೊಂಡ ನಾಲ್ಕು ಮಾತು. ಈ ಮೂರೂ ದೇಶಗಳಿಗೆ ಷೆಂಗೆನ್ ವೀಸಾ ಒಂದೇ ಸಾಕು. ಇಂಗ್ಲೆಂಡಿಗೆ ಬೇರೆಯೇ ಬೇಕು. ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಕೊಡಬಹುದು. ಹದಿನೈದು ದಿನಕ್ಕಿಂತ ತಡವಾಗಬಾರದು. 30,000 ಯೂರೋಗಳಿಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ. ವಿಮಾನದಲ್ಲಿ 'ಹಿಂದೂ ಊಟ' ಎಂದರೆ ಸಾಲದು, 'ಜೈನ್ ಮೀಲ್' ಎಂದೇ ಮುಂಚಿತವಾಗಿ ಹೇಳಬೇಕು. ಅಡುಗೆಮನೆ ಇರುವ ವಸತಿ ಹಿಡಿದರೆ ಅರ್ಧ ಚಿಂತೆ ಕಳೆಯಿತು. ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ ಜೊತೆಗಿರಲಿ. ತುಪ್ಪ, ಪೇಡೆ ಬೇಡ, ಹಾಲಿನ ಪದಾರ್ಥ ಒಯ್ಯಲು ಅಲ್ಲಿ ನಿಷೇಧವಿದೆ. ಅಲ್ಲಿನ ಹಲವು ಚೀಸುಗಳಿಗೆ ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕುತ್ತಾರೆ, ಕೇಳದೆ ತಿನ್ನಬಾರದು. ಮಾಂಸ, ಮೀನು, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಬೇಡವೆಂದು ಫ್ರೆಂಚ್ ಮತ್ತು ಡಚ್ ಭಾಷೆಗಳಲ್ಲಿ ಬರೆದ ಚೀಟಿ ಜೇಬಿನಲ್ಲಿರಲಿ.

ನಾವಿಲ್ಲದ ದಿನಗಳಲ್ಲಿ ಅಮ್ಮನ ಜೊತೆಗಿರಲು ಹಾಸನದಿಂದ ಅಕ್ಕ ಬರುತ್ತಾರೆ. ಮೊನ್ನೆ ಮಗಳು ಇನ್ನೊಂದು ಹಾಳೆ ಹಿಡಿದು, "ಆಮ್‌ಸ್ಟರ್‌ಡಾಮಿನಿಂದ ಸ್ವಿಟ್ಜರ್ಲೆಂಡಿಗೂ ಹೋಗಿಬಿಡಬಹುದಲ್ಲ?" ಎಂದಳು. ನಾವು ಬಾಯಿ ತೆರೆಯುವ ಮೊದಲೇ ಅವಳ ತಮ್ಮ ಹೇಳಿದ: "ಅಕ್ಕಾ, ಅದು ಕ್ಷೇತ್ರವೃದ್ಧಿ!"

ಅಮ್ಮ ನಕ್ಕರು. ಪ್ರವಾಸದ ಅರ್ಧ ಫಲ ನಮಗೆ ಮನೆಯಲ್ಲೇ ದೊರೆಯಿತು.