ಕಡಲೆಬೇಳೆಯಷ್ಟು ಚಿನ್ನ

ನಮ್ಮ ಮೇಟಗಳ್ಳಿಗೆ ನೋಟಿನ ನಂಟು. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ನೋಟು ಮುದ್ರಣಾಲಯ ಇರೋದು ಈ ಕಡೆಯೇ. ಮೇಟಗಳ್ಳಿಯವನು ಅಂದ ಕೂಡಲೇ ಆಫೀಸಿನಲ್ಲಿ "ಒಂದು ಕಟ್ಟು ತಂದುಕೊಡಪ್ಪ" ಅನ್ನೋ ಜೋಕು ಗ್ಯಾರಂಟಿ. ನನಗೆ ಹುಚ್ಚು ಹಿಡಿಸಿರೋದು ಮಾತ್ರ ನಾಣ್ಯ :-)

ಶುರುವಾಗಿದ್ದು ಇಂಗ್ಲೆಂಡಿನ ಚಿನ್ನದಿಂದ. ಒಂದನೇ ಜೇಮ್ಸ್ 1604ರಲ್ಲಿ ತಂದ ಯುನೈಟ್, 1663ರ ಗಿನಿ... ಬಿಲ್ಡ್ ಓಡುವಾಗ ಹರಾಜಿನ ಫೋಟೋ ನೋಡೋದು, ಬೆಲೆ ಕಂಡು ಕಿಟಕಿ ಮುಚ್ಚೋದು. ಅದರಲ್ಲೂ ಏಂಜೆಲ್ ನನ್ನ ಅಚ್ಚುಮೆಚ್ಚು. ಅದರ ಮೇಲೆ ಡ್ರ್ಯಾಗನ್ ಕೊಲ್ಲುತ್ತಿರುವ ದೇವದೂತ ಮೈಕೇಲ್. ಗಂಡಮಾಲೆ ವಾಸಿಯಾಗಲಿ ಅಂತ ರಾಜ ಅದನ್ನು ರೋಗಿಗಳ ಕೊರಳಿಗೆ ಹಾಕುತ್ತಿದ್ದನಂತೆ. ಥೇಟ್ ನಮ್ಮ ತಾಯತ!

ಇದನ್ನೆಲ್ಲ ಅಜ್ಜಿಗೆ ತೋರಿಸಿದರೆ, ಅವರು ಎದ್ದು ಹೋಗಿ ಕುಂಕುಮದ ಭರಣಿಯಿಂದ ಏನೋ ಚೂರು ತೆಗೆದು ನನ್ನ ಅಂಗೈಗೆ ಹಾಕಿದರು. ಕಂಠೀರವ ಹಣ! ಒಂದು ಕಡೆ ಕುಳಿತ ನರಸಿಂಹ, ಇನ್ನೊಂದು ಕಡೆ ನಾಗರಿಯಲ್ಲಿ 'ಶ್ರೀ ಕಂಠೀರವ'. 1638ರಲ್ಲಿ ಪಟ್ಟಕ್ಕೆ ಬಂದ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ನಾಣ್ಯ. ಆಗ ಲಂಡನ್ನಿನ ಟವರಿನಲ್ಲಿ ಒಂದನೇ ಚಾರ್ಲ್ಸ್‌ನ ಯುನೈಟ್ ಅಚ್ಚಾಗುತ್ತಿತ್ತು. ಅದು 9 ಗ್ರಾಂ, ನಮ್ಮದು ಅರ್ಧ ಗ್ರಾಂ ಕೂಡ ಇಲ್ಲ. ಇಂಥ ಹತ್ತು ಸೇರಿದರೆ ಒಂದು ಕಂಠೀರವ ವರಹ ಅಂತ ಲೆಕ್ಕ.

ಹಾಗಂತ ನಮ್ಮನೆಯದ್ದು ಅವರ ಕಾಲದ್ದೇ ಅನ್ನೋ ಹಾಗಿಲ್ಲ. 1799ರ ನಂತರ ದಿವಾನ್ ಪೂರ್ಣಯ್ಯನವರೂ ಇದೇ ನಮೂನೆಯ ಹಣ ಹೊಡೆಸಿದ್ದರು, ಅದೇ 'ಗಿದ್ದ ಕಂಠೀರವ'. ನನ್ನ ಅನುಮಾನವೂ ಅದರ ಮೇಲೇ.

ಈಗ ಮನೆಯಲ್ಲಿ ಜಟಾಪಟಿ. ತಂಗಿಯ ಮದುವೆ ಗೊತ್ತಾಗಿದೆ, ಹುಡುಗ ಡಬ್ಲಿನ್‌ನಲ್ಲಿದ್ದಾನೆ. ಹಣವನ್ನು ಕರಗಿಸಿ ತಾಳಿಯ ಗುಂಡಿಗೆ ಸೇರಿಸೋಣ, ಹಿರಿಯರ ಚಿನ್ನ ಮಗಳ ಕೊರಳಲ್ಲಿರಲಿ ಅನ್ನೋದು ಅಮ್ಮನ ಆಸೆ. ಹಾಗೇ ಇರಲಿ, ಚೌಕಟ್ಟು ಕೂರಿಸಿ ಸರಕ್ಕೆ ಹಾಕಿಸೋಣ ಅಂದೆ ನಾನು. ಆದರೆ 1972ರ ಕಾಯಿದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ನಮ್ಮಂಥವರು ದೇಶದಾಚೆ ಒಯ್ಯುವಂತಿಲ್ಲ. ಇಡಿಯಾಗಿ ಉಳಿದರೆ ತಂಗಿಯ ಜೊತೆ ಹೋಗೋದಿಲ್ಲ, ಜೊತೆಗೆ ಹೋಗಬೇಕಾದರೆ ನರಸಿಂಹ ಉಳಿಯೋದಿಲ್ಲ!

ಅಮ್ಮನ ಮಾತು ತಳ್ಳಿಹಾಕುವಂಥದ್ದಲ್ಲ. ಅಜ್ಜಿಯನ್ನು ಕೇಳಿದರೆ "ಅವಳಿಗೇ ಕೊಟ್ಟಿದ್ದೀನಿ, ಅವಳನ್ನೇ ಕೇಳು" ಅಂತಾರೆ. ತಂಗಿ ಇನ್ನೂ ಬಾಯಿ ಬಿಟ್ಟಿಲ್ಲ.

ಮದುವೆ ಮಾಘದಲ್ಲಿ. ಅಷ್ಟರೊಳಗೆ ಎರಡೂ ಮುಖದ ಒಳ್ಳೆ ಫೋಟೋ ತೆಗೆದಿಡಬೇಕು. ಮೈಸೂರಿನಲ್ಲಿ ಯಾರ ಹತ್ತಿರವಾದರೂ ಮ್ಯಾಕ್ರೋ ಲೆನ್ಸ್ ಇದ್ದರೆ ದಯವಿಟ್ಟು ತಿಳಿಸಿ.