ಮುಳುಗಿದ ಕಣಿವೆಯ ಮೇಲೆ

ಬೆಂಗಳೂರಿನ ಆರ್‌ಪಿಸಿ ಲೇಔಟಿನಂತಹ ಬಡಾವಣೆಯಲ್ಲಿ ಬಾಳಿದವನಿಗೆ ನೀರೆಂದರೆ ನಲ್ಲಿಯಲ್ಲಿ ಬರುವ, ಬಾರದಿದ್ದರೆ ಟ್ಯಾಂಕರಿನಲ್ಲಿ ತರಿಸಿಕೊಳ್ಳುವ ಒಂದು ಪದಾರ್ಥ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಬೀದಿಗಳಲ್ಲಿ ಕಡಲಿನ ಮಾತು ಬರುವುದು ಮಕ್ಕಳ ಭೂಗೋಳದ ಪಾಠದಲ್ಲಿ ಮಾತ್ರ. ಈಜು ಬಾರದ ನಾನು, ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ, ಕಾರವಾರದಲ್ಲಿ ಕಾಳೀನದಿಯು ಸಮುದ್ರವನ್ನು ಸೇರುವೆಡೆಯಲ್ಲಿ ಕಯಾಕ್ ಏರಿದೆನೆಂದರೆ ನೆರೆಹೊರೆಯವರು ನಂಬಲಿಲ್ಲ.

ಕಯಾಕ್ ನಮ್ಮ ನಾಡಿನ ದೋಣಿಯಲ್ಲ. ಉತ್ತರಧ್ರುವದ ಸಮೀಪ, ಹಿಮನದಿಗಳು ಪರ್ವತಗಳಿಂದ ಇಳಿದು ನೇರವಾಗಿ ಕಡಲಿಗೆ ಬೀಳುವ ತೀರಗಳಲ್ಲಿ, ಇನ್ಯುಯಿಟ್ ಬೇಟೆಗಾರರು ಅದನ್ನು ಕಟ್ಟಿದರು. ಮರಗಳು ವಿರಳವಾದ ಆ ಸೀಮೆಯಲ್ಲಿ ಅಲೆಗಳು ತಂದೊಗೆದ ದಿಮ್ಮಿಯೇ ಅದರ ಎಲುಬು. ಸೀಲ್ ಪ್ರಾಣಿಯ ಚರ್ಮವೇ ಅದರ ಹೊದಿಕೆ. ನನ್ನ ಮುಂದಿದ್ದುದಾದರೋ ಹಳದಿ ಬಣ್ಣದ ಪ್ಲಾಸ್ಟಿಕ್ಕಿನದು, ಇಬ್ಬರು ಕೂರುವಂಥದು. ಎರಡು ತುದಿಗಳಲ್ಲಿಯೂ ಅಲಗುಳ್ಳ ಹುಟ್ಟೊಂದನ್ನು ಕೈಗೆ ಕೊಟ್ಟರು. ಅದರಲ್ಲಿ ಕುಳಿತಾಗ ನೀರಿಗೂ ನಮಗೂ ಗೇಣಿನಷ್ಟೂ ಅಂತರವಿರುವುದಿಲ್ಲ; ನದಿಯ ಮೇಲೆ ಕುಳಿತಂತಲ್ಲ, ನದಿಯೊಳಗೆ ಕುಳಿತಂತೆ.

ಮಾರ್ಗದರ್ಶಿಯಾಗಿ ಬಂದವನು ಮೀನುಗಾರರ ಮನೆಯ ತರುಣ. ಜೀವರಕ್ಷಕ ಅಂಗಿಯನ್ನು ತೊಡಿಸುತ್ತ, "ಪಟ್ಟಿ ಬಿಗಿ ಮಾಡ್ಕೊಳ್ಳಿ ಮಾಸ್ತರೇ. ಸ್ವಲ್ಪ ಉಸಿರು ಕಟ್ಟಿದಂತಾದ್ರೂ ಅಡ್ಡಿಲ್ಲ" ಎಂದ. ಅವನ ಧ್ವನಿಯಲ್ಲಿ ವಿನೋದವಿರಲಿಲ್ಲ. 2019ರ ಜನವರಿ 21ರಂದು, ಕಡಲ ನಡುವಿನ ಕೂರ್ಮಗಡ ದ್ವೀಪದಲ್ಲಿ ನರಸಿಂಹದೇವರ ಜಾತ್ರೆಯನ್ನು ಮುಗಿಸಿಕೊಂಡು ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ಆ ಊರಿನವರು ಈ ಅಂಗಿಯನ್ನು ಹಗುರವಾಗಿ ಕಾಣಲಾರರು.

ಉಬ್ಬರದ ನೀರು ನದಿಯೊಳಕ್ಕೆ ಏರುತ್ತಿದ್ದ ಮುಂಜಾನೆ ನಾವು ಹೊರಟೆವು. ದುಡಿಮೆಯ ಮುಕ್ಕಾಲುಪಾಲನ್ನು ಸಮುದ್ರವೇ ಮಾಡುತ್ತಿತ್ತು. ಕಾಂಡ್ಲಾ ಗಿಡಗಳು ಬೇರುಗಳನ್ನು ಊರುಗೋಲುಗಳಂತೆ ಕೆಸರಿನಲ್ಲಿ ನೆಟ್ಟು ನಿಂತಿದ್ದವು. ಅವುಗಳ ನಡುವೆ ನುಸುಳುವಾಗ ಮಿಂಚುಳ್ಳಿಯೊಂದು ನನ್ನ ಹುಟ್ಟಿನ ತುದಿಯನ್ನು ಸವರಿಕೊಂಡು ಹಾರಿತು. ನಾನು ಹೆದರಿದೆ, ಅದು ಹೆದರಲಿಲ್ಲ. ಹಿಂದೆ ಸಹ್ಯಾದ್ರಿಯ ಸಾಲು, ಮುಂದೆ ಸದಾಶಿವಗಡದ ಗುಡ್ಡ, ಅದರಾಚೆ ಅರಬ್ಬೀ ಸಮುದ್ರ. ಬೆಟ್ಟಗಳು ಕಡಲಿನ ಅಂಚಿನವರೆಗೂ ನಡೆದುಬಂದು, ಕೆಲವು ನೀರಿಗೂ ಇಳಿದಂತೆ ತೋರುತ್ತದೆ. ಕೂರ್ಮಗಡ, ದೇವಗಡಗಳು ಹಾಗೆ ಇಳಿದು ನಿಂತ ಗುಡ್ಡಗಳೇ.

ಇದು ಬರಿಯ ಕವಿಕಲ್ಪನೆಯಲ್ಲ. ಸುಮಾರು 20,000 ವರ್ಷಗಳ ಹಿಂದೆ, ಭೂಮಿಯ ನೀರಿನ ಒಂದು ಭಾಗವು ಉತ್ತರದ ಖಂಡಗಳ ಮೇಲೆ ಹಿಮವಾಗಿ ಹೆಪ್ಪುಗಟ್ಟಿದ್ದಾಗ, ಸಮುದ್ರದ ಮಟ್ಟವು ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಕಾರವಾರದ ಕಡಲತೀರವು ಬಹುದೂರ ಪಶ್ಚಿಮದಲ್ಲಿತ್ತು. ಇಂದಿನ ದ್ವೀಪಗಳು ಬಯಲಿನ ನಡುವಣ ಗುಡ್ಡಗಳಾಗಿದ್ದವು. ಕಾಳಿಯು ಅವುಗಳನ್ನು ದಾಟಿ ಮುಂದೆ ಹರಿಯುತ್ತಿತ್ತು. ಹಿಮ ಕರಗಿತು, ಕಡಲು ಏರಿತು, ಕಣಿವೆಯ ಬಾಯಿ ಮುಳುಗಿತು. ಅಲಾಸ್ಕಾದಲ್ಲಿ ಕಯಾಕ್ ನಡೆಸುವವನು ಹಿಮನದಿಯನ್ನು ಕಣ್ಣೆದುರಿಗೇ ಕಾಣುತ್ತಾನೆ. ಹಿಮವನ್ನೇ ಕಾಣದ ಈ ತೀರದಲ್ಲಿ ನಾವು ಕರಗಿಹೋದ ಆ ಹಿಮದ ಮೇಲೆಯೇ ತೇಲುತ್ತಿದ್ದೆವು. ಇದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಆದರೆ ಕೆಳಗೊಂದು ಕಣಿವೆಯಿದೆ ಎಂಬ ಅರಿವು ತೊಡೆಯ ನಡುಕವಾಗಿ ಬಂದದ್ದು ಅಂದೇ.

ಹಿಂದಿರುಗುವಾಗ ಇಳಿತ ಆರಂಭವಾಗಿತ್ತು. ನನಗೆ ಧೈರ್ಯ ಬಂದಿತ್ತು; ಸ್ವಲ್ಪ ಹೆಚ್ಚಾಗಿಯೇ ಬಂದಿತ್ತೆನ್ನಬೇಕು. ಸೇತುವೆಯನ್ನು ದಾಟಿ, ಅಳಿವೆಯನ್ನೂ ದಾಟಿ, ದ್ವೀಪದ ಕಡೆಗೊಮ್ಮೆ ಹೋಗೋಣವೇ ಎಂದು ಕೇಳಿದೆ. ತರುಣನು ಹುಟ್ಟನ್ನು ತೊಡೆಯ ಮೇಲಿಟ್ಟು ಪಶ್ಚಿಮಕ್ಕೆ ನೋಡಿದ. ನನ್ನ ಕಣ್ಣಿಗೆ ಅಲ್ಲಿ ಬೆಳ್ಳಗೆ ಹೊಳೆಯುವ ಒಂದು ಗೆರೆ ಮಾತ್ರ ಕಂಡಿತು.

"ನೀರು ಹೊರಗೆ ಎಳೀತದೆ, ಗಾಳಿ ಒಳಗೆ ತಳ್ತದೆ. ಎರಡೂ ಜಗಳ ಆಡೋ ಜಾಗ ಅದು. ಅಪ್ಪ ಇದ್ದಿದ್ರೂ ಈ ಹೊತ್ತಿಗೆ ಈ ದೋಣಿ ಬಿಡ್ತಿರ್ಲಿಲ್ಲ."

ನಾನು ಮರುಮಾತಾಡಲಿಲ್ಲ. ಮಧ್ಯಾಹ್ನವಾಗುತ್ತಿದ್ದಂತೆ ನೆಲ ಕಾದು ಕಡಲಗಾಳಿ ಎದ್ದೇಳುವ ಬಗೆಯನ್ನು ನಾನೂ ಬಲ್ಲೆ. ಆದರೆ ಅರ್ಧ ಮೈಲಿ ದೂರದ ಬಿಳಿಯ ಗೆರೆಯಲ್ಲಿ ಅದನ್ನು ಓದಲು ಬಲ್ಲವನು ಅವನು. ರವೀಂದ್ರನಾಥ ಠಾಕೂರರು 1880ರ ದಶಕದ ಆದಿಯಲ್ಲಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದಾಗ, ಬೆಳುದಿಂಗಳಿನಲ್ಲಿ ಇದೇ ನದಿಯ ಮೇಲೆ ದೋಣಿಯಲ್ಲಿ ವಿಹರಿಸಿದ್ದರು. ಮರಳುವಾಗ ನದಿಯ ಬಾಯಿಗೆ ಬರಲು ಬಹಳ ಹೊತ್ತಾಯಿತು. ಅಲ್ಲಿಂದ ಮುಂದೆ ಸಮುದ್ರದ ದಾರಿ ಹಿಡಿಯದೆ, ದೋಣಿಯಿಂದಿಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದರೆಂದು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಮಹಾಕವಿಗಳೇ ನಡೆದ ಮೇಲೆ ನನ್ನದೇನು!

ದಡ ಸೇರಿ ಅಂಗಿಯ ಪಟ್ಟಿಗಳನ್ನು ಸಡಿಲಿಸುವ ವೇಳೆಗೆ ನಾವು ಬೆಳಗ್ಗೆ ತೇಲಿಹೋಗಿದ್ದ ಜಾಗದಲ್ಲಿ ಕೆಸರು ತೆರೆದುಕೊಂಡಿತ್ತು. ನಾಲ್ಕಾರು ಹೆಂಗಸರು ಮೊಳಕಾಲುದ್ದ ನೀರಿನಲ್ಲಿ ಬಾಗಿ ಬಳಚು ಆರಿಸುತ್ತಿದ್ದರು. ತರುಣನು ಕಯಾಕನ್ನು ಮರಳಿನ ಮೇಲೆ ಎಳೆದು ಬೋರಲು ಹಾಕಿ, ಅವರತ್ತ ಕೊಂಕಣಿಯಲ್ಲಿ ಏನೋ ಕೂಗಿ ಹೇಳಿದ. ಅವರು ಒಮ್ಮೆ ಪಶ್ಚಿಮಕ್ಕೆ ನೋಡಿ, ಬುಟ್ಟಿಗಳನ್ನು ದಡದ ಕಡೆಗೆ ಸರಿಸಿಕೊಂಡರು.