ಗೆರೆಯ ಹೊರಗೆ

ಆಟದಲ್ಲಿ ನಿಪುಣಳಾದವಳು ಅದನ್ನು ಕಲಿಸುವುದರಲ್ಲಿಯೂ ನಿಪುಣಳೇ ಆಗುವಳೆಂದು ಹಲವರು ನಂಬಿರುವರು. ಈ ಶಾಲೆಯ ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡಿ, ತರುವಾಯ ಇಲ್ಲಿಯೇ ಆಟದ ಉಪಾಧ್ಯಾಯಿನಿಯಾಗಿ ಬಂದ ನಾನು ಹಾಗೆ ನಂಬಲಾರೆನು. ಕೈಗೆ ತಿಳಿದುದನ್ನು ಬಾಯಿಗೆ ತರುವುದು ಬೇರೆಯೇ ವಿದ್ಯೆ. ಗೆರೆಯ ಹೊರಗೆ ಕೈಕಟ್ಟಿ ನಿಲ್ಲುವುದಂತೂ ಇನ್ನೂ ಕಠಿನ; ಮೊದಲ ವರ್ಷವೆಲ್ಲ ಚೆಂಡು ಇತ್ತ ಹೊರಳಿದಾಗ ನನ್ನ ಕಾಲುಗಳು ತಾವಾಗಿಯೇ ಓಡಲೆಳಸುತ್ತಿದ್ದವು. ಆ ದಿನಗಳಲ್ಲಿ ನನಗೆ ಧೈರ್ಯವಿತ್ತುದು ಅಮೆರಿಕದ ಡಾನ್ ಸ್ಟೇಲಿಯವರ ಚರಿತ್ರೆ.

ಇವರು 1970ರಲ್ಲಿ ಜನಿಸಿ, ಫಿಲಡೆಲ್ಫಿಯ ನಗರದ ಬಡ ಕೇರಿಯೊಂದರಲ್ಲಿ ಹುಡುಗರೊಡನೆ ಆಡಿ ಬೆಳೆದವರು. ಎತ್ತರವು ಕೇವಲ ಐದೂವರೆ ಅಡಿ. ಆಡುತ್ತಿದ್ದುದು ಪಾಯಿಂಟ್ ಗಾರ್ಡ್ ಎಂಬ ಸ್ಥಾನದಲ್ಲಿ. ಚೆಂಡನ್ನು ತಂದು, ಯಾರು ಎಲ್ಲಿರುವರೆಂದು ನೋಡಿ, ತಾನು ಎಸೆಯುವುದಕ್ಕಿಂತ ಪರರಿಗೆ ಒದಗಿಸುವುದೇ ಆ ಸ್ಥಾನದ ಧರ್ಮ. ಅಂಥವಳು ಆಗಲೇ ಅರ್ಧ ಉಪಾಧ್ಯಾಯಿನಿಯಲ್ಲವೆ! 1991ರಲ್ಲಿ ಕಾಲೇಜು ತಂಡಗಳ ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ಇವರ ವರ್ಜೀನಿಯ ವಿಶ್ವವಿದ್ಯಾಲಯವು ಹೆಚ್ಚಿನ ಅವಧಿಯವರೆಗೆ ಹೋರಾಡಿ ಸೋತಿತು. ಮುಂದೆ 1996, 2000, 2004ರಲ್ಲಿ ಒಲಿಂಪಿಕ್ ಸ್ವರ್ಣಪದಕಗಳು ಬಂದವು; ಆದರೆ ಆ ಕಾಲೇಜು ಪ್ರಶಸ್ತಿಯು ಆಟಗಾರ್ತಿಗೆ ದೊರೆಯಲೇ ಇಲ್ಲ.

ವೃತ್ತಿಯಾಗಿ ಆಡುತ್ತಿದ್ದಾಗಲೇ, 2000ದಲ್ಲಿ, ಸ್ವಂತ ಊರಿನ ಟೆಂಪಲ್ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ ಅವರು ಮುಖ್ಯ ಕೋಚ್ ಆದರು. ಚಳಿಗಾಲದಲ್ಲಿ ಸೀಟಿ ಊದುವುದು, ಬೇಸಗೆಯಲ್ಲಿ ಮತ್ತೊಬ್ಬರ ಸೀಟಿಗೆ ಓಡುವುದು: 2006ರಲ್ಲಿ ಆಟವನ್ನು ಬಿಡುವವರೆಗೂ ಹೀಗೆಯೇ ನಡೆಯಿತು. ಕಲಿಸುವವಳಿಗೆ ದಣಿದ ಮೈಯ ನೆನಪು ಹಸಿಯಾಗಿದ್ದುದು ಶಿಷ್ಯೆಯರಿಗೆ ದೊಡ್ಡ ಲಾಭವೆಂದು ನನ್ನ ಎಣಿಕೆ.

2008ರಲ್ಲಿ ದಕ್ಷಿಣ ಕ್ಯಾರೊಲೈನ ವಿಶ್ವವಿದ್ಯಾಲಯಕ್ಕೆ ಹೋದರು. ತಾವು ಸೋತ ಇಪ್ಪತ್ತಾರು ವರ್ಷಗಳ ತರುವಾಯ, 2017ರಲ್ಲಿ, ಅವರ ಶಿಷ್ಯೆಯರು ಆ ಪ್ರಶಸ್ತಿಯನ್ನು ಗೆದ್ದರು, 2022ರಲ್ಲಿ ಮತ್ತೆ, 2024ರಲ್ಲಿ 38 ಪಂದ್ಯಗಳಲ್ಲಿ ಒಂದನ್ನೂ ಸೋಲದೆ.

ಗೆದ್ದ ತಂಡವು ಬುಟ್ಟಿಯ ಬಲೆಯನ್ನು ಕತ್ತರಿಸಿಕೊಳ್ಳುವುದು ಅಲ್ಲಿಯ ವಾಡಿಕೆ. 1999ರಲ್ಲಿ ಈ ಪ್ರಶಸ್ತಿಯನ್ನು ಗೆದ್ದ ಮೊದಲ ಕರಿಯ ಮಹಿಳಾ ಕೋಚ್ ಕ್ಯಾರೊಲಿನ್ ಪೆಕ್ ಅವರು ತಮ್ಮ ಬಲೆಯ ತುಂಡೊಂದನ್ನು ಸ್ಟೇಲಿಯವರಿಗೆ ಕೊಟ್ಟಿದ್ದರು. ಸ್ಟೇಲಿಯವರು ತಾವು ಗೆದ್ದ ಮೇಲೆ ತಮ್ಮ ಬಲೆಯನ್ನು ತುಂಡುತುಂಡಾಗಿಸಿ ಇತರ ಕರಿಯ ಮಹಿಳಾ ಕೋಚ್‌ಗಳಿಗೆ ಕಳುಹಿಸಿದರು.

ನಮ್ಮ ಶಾಲೆಗಿರುವುದು ಒಂದೇ ಬಲೆ. ಈ ಕಥೆಯನ್ನು ಹೇಳಿದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ತಲೆಯೆತ್ತಿ ನೋಡಿ, “ಟೀಚರ್, ಕತ್ತರಿಸಿಬಿಟ್ಟರೆ ನಾಳೆ ಆಡುವುದು ಹೇಗೆ?” ಎಂದು ಕೇಳಿದಳು.